ಸೀಮಂತದ ಸಭೆಯಲ್ಲಿ ಬಂದ ಕರೆಯೋಲೆ

ಮೈಕು ಕೈಗೆ ಸಿಕ್ಕರೆ ನನಗೆ ಊಟವೂ ಬೇಡ ಎಂದು ನನ್ನ ಗಂಡ ಹೇಳುವುದುಂಟು. ಸುಳ್ಳೇನಲ್ಲ. ಅಂಗನವಾಡಿ ಮೇಲ್ವಿಚಾರಕಿಯಾಗಿ ಹೊನ್ನಾಳಿ, ನ್ಯಾಮತಿ ಕಡೆಯೆಲ್ಲ ಸುತ್ತಿ ಜಗಳೂರಿಗೆ ಬರುವ ಹೊತ್ತಿಗೆ ಹೆಂಗಸರ ಸಭೆಯಲ್ಲಿ ಮಾತಾಡುವುದು ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಬೇರೆಯವರು "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುಮಾಡಿ ಎಲ್ಲರ ಹೆಸರು ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಕೂಸಿಗೆ ಹಾಲು ಕುಡಿಸಿ ಮಲಗಿಸಿ ತಾವೂ ತೂಕಡಿಸುತ್ತಿದ್ದರು. ನಾನು ಆ ತಪ್ಪು ಮಾಡುತ್ತಿರಲಿಲ್ಲ. ಕುರ್ಚಿ ಬಿಟ್ಟು ಕೆಳಗಿಳಿದು, ಜಮಖಾನದ ಅಂಚಿಗೆ ನಿಂತು, ಮುಂದಿನ ಸಾಲಿನ ಯಾವುದಾದರೂ ಮುದುಕಿಯನ್ನು "ಅಜ್ಜಿ, ಇವತ್ತು ಚಾ ಸೊಸೆ ಮಾಡಿಕೊಟ್ಟಳಾ, ನೀನೇ ಮಾಡ್ಕೊಂಡು ಕುಡಿದು ಬಂದ್ಯಾ?" ಎಂದು ಕೇಳುತ್ತಿದ್ದೆ. ಅಷ್ಟಕ್ಕೇ ಅರ್ಧ ಸಭೆ ನನ್ನ ಕಡೆಗೆ ಬಂದುಬಿಡುತ್ತಿತ್ತು.

ಉಳಿದರ್ಧಕ್ಕೆ ನನ್ನ ಮದುವೆಯ ಕಥೆ ಇತ್ತು. ನನ್ನದು ಚನ್ನಗಿರಿ ತಾಲ್ಲೂಕು, ಬಸವಾಪಟ್ಟಣದ ಕಡೆ. ಹದಿನಾರಕ್ಕೆ ಮದುವೆ. ಧಾರೆಯ ಹೊತ್ತಿಗೆ ತೂಕಡಿಸಿ ಗಂಡನ ಹೆಗಲಿಗೆ ತಲೆ ಬಡಿದದ್ದು, ನನ್ನ ಮೊದಲ ರೊಟ್ಟಿ ನೋಡಿ ಮಾವನವರು "ಇದು ಯಾವ ತಾಲ್ಲೂಕಿನ ನಕ್ಷೆ?" ಎಂದು ಕೇಳಿದ್ದು, ಸಿಟ್ಟು ಮಾಡಿಕೊಂಡು ನಾನು ತವರಿನ ಬಸ್ಸು ಹತ್ತಿದ್ದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ನಕ್ಕು ನಕ್ಕು ಸುಸ್ತಾದವರ ಮುಂದೆ ಕಬ್ಬಿಣದ ಮಾತ್ರೆಯ ವಿಷಯ ತೆಗೆದರೆ ಬೇಡ ಎನ್ನುವವರೇ ಇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಬುಧವಾರ ಬೆಳಿಗ್ಗೆ, ಮಕ್ಕಳ ಸಹಾಯವಾಣಿಯವರು ನಮ್ಮ ಆಫೀಸಿಗೆ ಫೋನ್ ಮಾಡಿದರು. ಜಗಳೂರು ತಾಲ್ಲೂಕಿನ ಇಂಥ ಊರಿನಲ್ಲಿ ಬರುವ ಭಾನುವಾರ ಒಂಬತ್ತನೇ ತರಗತಿ ಮುಗಿಸಿದ ಹುಡುಗಿಯ ಮದುವೆ ಇದೆಯಂತೆ. ತಿಳಿಸಿದವರು ಹುಡುಗಿಯ ಹೆಸರು ಹೇಳುವ ಮೊದಲೇ ಫೋನ್ ಇಟ್ಟಿದ್ದರು. ಶಾಲೆಗೆ ರಜೆ ಇದ್ದುದರಿಂದ ಅಲ್ಲಿ ವಿಚಾರಿಸುವ ದಾರಿಯೂ ಇರಲಿಲ್ಲ. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ, "ನಂಗೇನೂ ಗೊತ್ತಿಲ್ಲ ಮೇಡಂ," ಎಂದಳು. ಗೊತ್ತಿತ್ತು. ಆದರೆ ಅವಳು ಅದೇ ಊರಿನಲ್ಲಿ ಬಾಳಬೇಕಾದವಳು, ಅವಳನ್ನು ಹಿಂಡಿ ಫಲವಿರಲಿಲ್ಲ.

ಬಹಿರಂಗವಾಗಿ ವಿಚಾರಿಸುವ ಹಾಗೂ ಇರಲಿಲ್ಲ. ನ್ಯಾಮತಿಯಲ್ಲಿದ್ದಾಗ ಒಮ್ಮೆ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೆ. ನಾವು ವಿಚಾರಿಸಿ ಹೋದ ಮರುದಿನ ಆ ಮನೆಗೆ ಬೀಗ ಬಿದ್ದಿತ್ತು. ಹುಡುಗಿಯನ್ನು ಯಾವುದೋ ನೆಂಟರ ಊರಿಗೆ ಸಾಗಿಸಿ ಅಲ್ಲಿನ ಗುಡಿಯಲ್ಲಿ ತಾಳಿ ಕಟ್ಟಿಸಿದ್ದರು. ಹಾಗಾಗಿ ಈ ಸಲ ಸುದ್ದಿ ತಾನಾಗಿ ಹೊರಬರಬೇಕಿತ್ತು. ಅದೃಷ್ಟಕ್ಕೆ ಆ ಊರಿನಲ್ಲಿ ಅದೇ ದಿನ ಗರ್ಭಿಣಿಯರಿಗೆ ನಮ್ಮ ಇಲಾಖೆಯ ಸೀಮಂತವಿತ್ತು. ಹೆಂಗಸರನ್ನು ಚೆನ್ನಾಗಿ ನಗಿಸುವುದು, ನಗುವವರ ಬಾಯಿಂದ ಮದುವೆ ಮನೆಯ ಸುಳಿವು ಹಿಡಿಯುವುದು, ಇಷ್ಟೇ ನನ್ನ ಉಪಾಯ. ಅದು ಮೋಸ ಎಂದು ಆಗ ಅನ್ನಿಸಿರಲಿಲ್ಲ.

ಸಮುದಾಯ ಭವನದಲ್ಲಿ ಐವರು ಗರ್ಭಿಣಿಯರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದ್ದರು. ಮೇಜಿನ ಮೇಲೆ ಮೊಳಕೆ ಕಾಳು, ನುಗ್ಗೆಸೊಪ್ಪು. ಐವತ್ತು ಅರವತ್ತು ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಒಬ್ಬರ ಮುಖದಲ್ಲೂ ನಗುವಿಲ್ಲ. ಇವರಲ್ಲಿ ಒಬ್ಬಳು ಆ ಹುಡುಗಿಯ ತಾಯಿ ಎಂದುಕೊಳ್ಳುತ್ತ ಒಂದೊಂದೇ ಮುಖ ನೋಡಿದೆ. ಮೈಕು ಹಿಡಿದು ಕೆಳಗಿಳಿದು ಮುಂದಿನ ಸಾಲಿನ ಅಜ್ಜಿಗೆ ಚಾದ ಪ್ರಶ್ನೆ ಹಾಕಿದೆ.

"ಸೊಸಿ ತವರಿಗೆ ಹೋಗಿ ವರ್ಷ ಆತು," ಎಂದಳು ಅಜ್ಜಿ. "ಬರಲ್ಲ ಅಂತಾಳೆ."

ಸಭೆ ಇನ್ನಷ್ಟು ಬಿಗಿಯಾಯಿತು. ಯಾರೋ ನನ್ನನ್ನು ದುರುಗುಟ್ಟಿ ನೋಡಿದರು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಎಂದೂ ಕೈಕೊಟ್ಟಿರಲಿಲ್ಲ, ಈ ದಿನವೇ ಕೊಡಬೇಕೇ? ಏನೂ ತೋಚದೆ ಅಜ್ಜಿಯ ಪಕ್ಕ ಜಮಖಾನದ ಮೇಲೆ ಕೂತುಬಿಟ್ಟೆ. "ತಪ್ಪಾತು ಅಜ್ಜಿ. ನಾನೂ ನಮ್ಮತ್ತೆಗೆ ಹಿಂಗೇ ಮಾಡಿದ್ದೆ," ಎಂದು ಶುರುಮಾಡಿದೆ. ಹದಿನಾರಕ್ಕೆ ಮದುವೆಯಾಗಿ ತವರಿನ ಬಸ್ಸು ಹತ್ತಿದ್ದನ್ನು ಮೊದಲು ಹೇಳಿ, ಅಲ್ಲಿಂದ ಹಿಂದಕ್ಕೆ ರೊಟ್ಟಿಗೆ ಬಂದೆ. ನಕ್ಷೆಯ ಮಾತಿಗೆ ಮೊದಲು ನಕ್ಕದ್ದು ಅಜ್ಜಿಯೇ. ಅಜ್ಜಿ ನಕ್ಕಳೆಂದು ಅವಳ ಹಿಂದಿನವರು ನಕ್ಕರು, ಆಮೇಲೆ ಕುರ್ಚಿಯಲ್ಲಿದ್ದ ಗರ್ಭಿಣಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಸಭೆ ನನ್ನದಾಯಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನು ಬಂದ ಕೆಲಸವನ್ನೇ ಮರೆತು ಹಿಗ್ಗಿಹೋಗಿದ್ದೆ.

ಅಷ್ಟರಲ್ಲಿ ಮಧ್ಯದ ಸಾಲಿನಿಂದ ನನಗಿಂತ ಎಷ್ಟೋ ಚಿಕ್ಕ ಹೆಂಗಸೊಬ್ಬಳು ಎದ್ದಳು. ಸೀಮಂತದ ತಟ್ಟೆಯಿಂದ ಕುಂಕುಮ ತೆಗೆದುಕೊಂಡು ನನ್ನ ಹಣೆಗೆ ಹಚ್ಚಿದಳು. ಬ್ಲೌಸಿನ ಒಳಗಿಂದ ಮಡಚಿದ ಮದುವೆ ಕಾರ್ಡು ತೆಗೆದು ಕೈಗಿಟ್ಟಳು.

"ಭಾನುವಾರ ನನ್ನ ಮಗಳ ಮದುವಿ ಐತ್ರಿ, ಇಲ್ಲೇ ಗುಡಿ ಮುಂದೆ. ನೀವು ಬರಲೇಬೇಕ್ರಿ. ಆಫೀಸಿನೋರು ಅನ್ನಂಗೇ ಇಲ್ಲ, ನಮ್ಮನಿಯಾಕಿ ಇದ್ದಂಗೆ ಇದೀರಿ."

ಕಾರ್ಡನ್ನು ಮೈಕಿಗೆ ಒತ್ತಿ ಹಿಡಿದೆ. ನಗು ಬಿಡದೆ, "ಮಗಳು ಎಲ್ಲಿ ತನಕ ಓದ್ಯಾಳೆ ತಂಗಿ?" ಎಂದು ಕೇಳಿದೆ.

"ಒಂಬತ್ತು ಮುಗಿಸ್ಯಾಳ್ರಿ."

ಮೈಕು ಆರಿಸಿರಲಿಲ್ಲ, ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ಮೂಲೆಯಲ್ಲಿದ್ದ ಕಾರ್ಯಕರ್ತೆ ತಲೆಯೆತ್ತಿ ನನ್ನನ್ನೇ ನೋಡಿದಳು. ಒಂದಿಬ್ಬರು ಹೆಂಗಸರ ನಗು ನಿಂತಿತು. ತಾಯಿಗೂ ಒಂದು ಕ್ಷಣ ಏನೋ ಹೊಳೆದಿರಬೇಕು, ಆದರೆ ಅವಳು ಧೈರ್ಯ ತಂದುಕೊಂಡು ಅಂದಳು: "ನಿಮಗೂ ಹದಿನಾರಕ್ಕೇ ಮಾಡಿದ್ರಲ್ರೀ. ಈಗ ನೋಡ್ರಿ, ಹೆಂಗೆ ಆಫೀಸರ್ ಆಗೀರಿ. ನನ್ನ ಮಗಳೂ ಹಂಗೇ ಆಗ್ಲಿ ಅಂತ ಹರಸ್ರಿ."

ನನ್ನ ಕಥೆಯಲ್ಲಿ ನಾನು ಎಂದೂ ಹೇಳದ ಭಾಗವೊಂದಿದೆ. ಹದಿನೇಳಕ್ಕೆ ಬಸುರಾದೆ. ಏಳು ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಯಿತು. ಚನ್ನಗಿರಿಯ ಆಸ್ಪತ್ರೆಯಲ್ಲಿ ನಾನೂ ಹೋಗುತ್ತೇನೆಂದೇ ಎಲ್ಲರೂ ತಿಳಿದಿದ್ದರು. ಅದನ್ನು ಹೇಳಿದರೆ ಯಾರೂ ನಗುವುದಿಲ್ಲ, ಅದಕ್ಕೇ ಬಿಟ್ಟಿದ್ದೆ. ಈಗ ನನ್ನ ಎದುರಿಗೆ ನಿಂತವಳು ನಾನು ಹೇಳಿದ ಅರ್ಧ ಕಥೆಯನ್ನು ನಂಬಿ ಮಗಳಿಗೆ ಆಶೀರ್ವಾದ ಕೇಳುತ್ತಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಲ್ಲೇ ಹೇಳಿಬಿಡಲೇ? ಈ ಮದುವೆಗೆ ಬರುವುದಿಲ್ಲ, ನಿಲ್ಲಿಸುವುದಕ್ಕೇ ಬಂದಿದ್ದೇನೆ ಎಂದು? ಹೇಳಿದರೆ ನಾಳೆ ಈ ಮನೆಗೂ ಬೀಗ. ಹೇಳದಿದ್ದರೆ, ನಮ್ಮ ಮನೆಯವಳು ಎಂದವಳ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಬೇಕು. ಅರವತ್ತು ಜನ ನನ್ನ ಬಾಯಿ ನೋಡುತ್ತಿದ್ದರು.

"ಬರ್ತೀನಿ ತಂಗಿ," ಎಂದೆ.

ಹೆಂಗಸರು ಚಪ್ಪಾಳೆ ತಟ್ಟಿದರು. ಹೊರಡುವಾಗ ತಾಯಿ ಮಗಳನ್ನು ಕರೆದು ಕಾಲಿಗೆ ಬೀಳಿಸಿದಳು. ಸಣಕಲು ಹುಡುಗಿ, ಆಗಲೇ ಕೈತುಂಬ ಮೆಹಂದಿ. ತಲೆ ಮೇಲೆ ಕೈಯಿಟ್ಟೆ.

ಮರುದಿನ ಬೆಳಿಗ್ಗೆ ತಾಲ್ಲೂಕು ಕಚೇರಿಯವರು, ಇಬ್ಬರು ಪೊಲೀಸರು ಮತ್ತು ನಾನು ಆ ಮನೆಯ ಮುಂದೆ ಇಳಿದೆವು. ಚಪ್ಪರಕ್ಕೆ ಗಳ ನೆಡುತ್ತಿದ್ದರು. ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಎಂದು ಅಪ್ಪ ಮುಚ್ಚಳಿಕೆಗೆ ಸಹಿ ಹಾಕಿದ. ತಾಯಿ ಹೆಬ್ಬೆಟ್ಟು ಒತ್ತಿದಳು. ಅವಳು ಅಳಲೂ ಇಲ್ಲ, ಕೂಗಾಡಲೂ ಇಲ್ಲ. ನಾನು ಹೊರಡುವಾಗ, "ನಿನ್ನೆನೇ ಹೇಳಬೋದಿತ್ತಲ್ರೀ," ಎಂದಳು. "ಅಷ್ಟು ನಗಿಸಿದ್ರಿ." ನಾನು ಕಾನೂನಿನ ಎರಡು ಮಾತು ಹೇಳಿದೆ. ಅವಳು ಒಳಗೆ ಹೋದಳು.

ಆ ಹುಡುಗಿ ಹತ್ತನೇ ತರಗತಿ ಪಾಸಾದಳು, ಈಗ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಅದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ, ಅದರಲ್ಲಿ ಎರಡು ಮಾತಿಲ್ಲ.

ಆರು ತಿಂಗಳ ನಂತರ ಅದೇ ಭವನದಲ್ಲಿ ಮತ್ತೆ ಸಭೆ. ಹೆಂಗಸರು ಬಂದರು, ಸಾಲಾಗಿ ಕೂತರು. ಈ ಸಲ ರೊಟ್ಟಿಯ ಕಥೆ ಹೇಳಲಿಲ್ಲ. ಹದಿನೇಳನೇ ವಯಸ್ಸಿನದನ್ನು ಹೇಳಿದೆ, ಏಳು ತಿಂಗಳ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದದ್ದನ್ನೂ ಬಿಡದೆ ಹೇಳಿದೆ. ಎದುರಿಗಿದ್ದ ಒಂದು ಮುಖವೂ ಅಲುಗಲಿಲ್ಲ. ಮುಗಿದ ಮೇಲೆ ಮುಂದಿನ ಸಾಲಿನ ಆ ಅಜ್ಜಿ ಕಾರ್ಯಕರ್ತೆಯ ಕಡೆ ತಿರುಗಿ, "ಆತಲ್ಲ, ಇನ್ನ ಹೋಗಬೋದೇನವ್ವ?" ಎಂದು ಕೇಳಿದಳು. ಜೀವನದಲ್ಲಿ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ನಿಜವಾದದ್ದನ್ನು ಅವರು ಇನ್ನೊಂದು ಉಪಾಯ ಎಂದುಕೊಂಡಿದ್ದರು. ಅವರನ್ನು ದೂರಲು ನನಗೆ ಬಾಯಿಲ್ಲ.

ಕಳೆದ ತಿಂಗಳು ಆ ಅಂಗನವಾಡಿಗೆ ತಪಾಸಣೆಗೆ ಹೋಗಿದ್ದೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡುಗಳ ನಡುವೆ ಹೊಸದೊಂದು ಇತ್ತು. ಹುಟ್ಟಿದ ತಾರೀಖು ನೋಡಿ ಮತ್ತೊಮ್ಮೆ ನೋಡಿದೆ. ಹದಿನಾರು ಈಗಷ್ಟೇ ತುಂಬಿದೆ, ಐದು ತಿಂಗಳ ಬಸುರಿ. ಆ ಕಾರ್ಡಿನ ಹುಡುಗಿ ಬೆಂಚಿನ ಮೇಲೆ ಮೊಟ್ಟೆಗಾಗಿ ಕಾದು ಕೂತಿದ್ದಳು. ಪಕ್ಕ ಕೂತು, ಮದುವೆ ಯಾವಾಗ ಆತವ್ವ, ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದೆ.

"ಊರಿಗೆಲ್ಲ ಕರೆದಿದ್ರು ರೀ," ಎಂದಳು ನೆಲ ನೋಡುತ್ತ. "ನಿಮಗೊಬ್ರಿಗೆ ಹೇಳಬ್ಯಾಡ ಅಂದಿದ್ರು."