ಅರ್ಧ ಗಂಟೆಯ ತಾಳ್ಮೆ

ನಮ್ಮ ಮೂಡಿಗೆರೆ ಆಫೀಸಿನಲ್ಲಿ ಧರ್ಮೇಶನಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಗುಡ್ಡ ಜರಿಯುವ ಸೂಚನೆ ಸಿಕ್ಕೊಡನೆ ಕಾಫಿ ಎಸ್ಟೇಟ್ ಕೆಲಸಗಾರರ ಲೈನ್‌ಮನೆಗಳ ಫೋನುಗಳಿಗೆ ಎಚ್ಚರಿಕೆ ಕಳಿಸುವ ಸಾಫ್ಟ್‌ವೇರ್ ನಮ್ಮದು. ದಿನಾ ಬೆಳಿಗ್ಗೆ ಅದನ್ನು ತಾನಾಗಿಯೇ ಪರೀಕ್ಷಿಸುವ ಟೆಸ್ಟುಗಳ ಉಸ್ತುವಾರಿ ಅವನದು. ಬಣಕಲ್ ಬಸ್ಸು ಒಂದು ಗಂಟೆ ತಡವಾದರೂ ಕಂಡಕ್ಟರನಿಗೆ ನಮಸ್ಕಾರ ಹೇಳಿಯೇ ಹತ್ತುತ್ತಿದ್ದ. ಹೋಟೆಲಿನವನು ಕಾಫಿ ಮರೆತರೆ ನೆನಪಿಸದೆ ಕೂತಿರುತ್ತಿದ್ದ. ಟೆಸ್ಟುಗಳ ಮೇಲೂ ಅದೇ ಔದಾರ್ಯ. ಟೆಸ್ಟಿನ ಸಂದೇಶ ಮೂವತ್ತು ಸೆಕೆಂಡಿನೊಳಗೆ ತಲುಪದಿದ್ದರೆ ಆಫೀಸಿನ ಪರದೆ ಕೆಂಪಾಗಬೇಕಿತ್ತು. ಮಳೆಯಲ್ಲಿ ಸಿಗ್ನಲ್ ಕೈಕೊಟ್ಟಾಗೆಲ್ಲ ಕೆಂಪಾಗುತ್ತಿತ್ತು, ಮ್ಯಾನೇಜರ್ ಬೈಯುತ್ತಿದ್ದರು. "ಮಳೆಗಾಲ ಅಲ್ವ ಮಾರಾಯ, ಇನ್ನೊಂಚೂರು ಕಾಯ್ಲಿ ಬಿಡು" ಎನ್ನುತ್ತ ಧರ್ಮೇಶ ಆ ಗಡುವನ್ನು ಎರಡು ನಿಮಿಷ ಮಾಡಿದ, ಆಮೇಲೆ ಹತ್ತು, ಜುಲೈ ಹೊತ್ತಿಗೆ ಅರ್ಧ ಗಂಟೆ. ಪರದೆ ಹಸಿರಾಯಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಈಗ ಅವನು ಬಸ್ಸಿಗೆ ಕಾಯುವುದಿಲ್ಲ, ಮಳೆಯಲ್ಲೂ ನಡೆದೇ ಬರುತ್ತಾನೆ. ಕಳಸದ ಕಡೆಯ ಲೈನ್‌ಮನೆಗಳ ಮೇಲೆ ಗುಡ್ಡ ಜರಿದ ದಿನ, ಅಲ್ಲಿನ ಅಂಜನಮ್ಮನವರ ಫೋನಿಗೆ ನಮ್ಮ ಎಚ್ಚರಿಕೆ ತಲುಪಿದ್ದು ಕಳಿಸಿದ ಇಪ್ಪತ್ತಾರನೇ ನಿಮಿಷಕ್ಕೆ. ಅಷ್ಟರಲ್ಲಿ ಅವರು ಮಣ್ಣಿನಡಿ ಸೇರಿದ್ದರು. ಅವತ್ತು ಬೆಳಿಗ್ಗೆಯೂ ನಮ್ಮ ಪರದೆ ಹಸಿರಾಗಿಯೇ ಇತ್ತು.