ಗೆದ್ದವನಿಗಾಗಿ ಪ್ರಾರ್ಥನೆ

ನಾನು ಹೇಳಹೊರಟಿರುವುದು ಹೀಗೇ ನಡೆಯಿತೋ, ಇಷ್ಟು ವರ್ಷ ನೆನೆದು ನೆನೆದು ನಾನೇ ತಿದ್ದಿಕೊಂಡೆನೋ, ಖಚಿತವಿಲ್ಲ. ಇವತ್ತು ಗೋಕಾಕ ಬಸ್ಸಿನಲ್ಲಿ ಯಾರದೋ ಚುನಾವಣೆ ಗೆಲುವಿನ ಗುಲಾಲು ಸೀಟಿಗೆ ಮೆತ್ತಿತ್ತು. ನೋಡದೆ ಕುಳಿತೆ. ಇಳಿದು ಬಟ್ಟೆ ಝಾಡಿಸುವಾಗ ಮಾರ್ಥಾ ಚಿಗವ್ವ ನೆನಪಾದಳು. ನನ್ನ ತಾಯಿಯ ತಂಗಿ, ಮೂಡಲಗಿ ಹತ್ತಿರದ ಹಳ್ಳಿಯವಳು.

ಆ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಪಂಚಾಯಿತಿ ಚುನಾವಣೆಯಲ್ಲಿ ಅವರು ಸೋತವನಿಗೆ ಮತ ಹಾಕಿದರೆಂಬ ಸಿಟ್ಟಿಗೆ, ಗೆದ್ದ ಮೆಂಬರ ತನ್ನ ಹೊಲದ ಅಂಚಿನ ಹಾದಿಗೆ ಜಾಲಿಮುಳ್ಳು ಹಚ್ಚಿಸಿದ. ಅವರ ಸಮಾಧಿಗಳಿಗೆ ಹೋಗಲು ಇದ್ದದ್ದು ಅದೊಂದೇ ಹಾದಿ. ಚಿಗವ್ವನ ಗಂಡ ಕಾಕಾನನ್ನು ಅಲ್ಲಿ ಮಣ್ಣು ಮಾಡಿದಾಗ ಪಕ್ಕದಲ್ಲಿ ಅವಳ ಜಾಗ ಬಿಟ್ಟಿದ್ದರು. ಗಂಡ ಹೆಂಡತಿ ಜೋಡಿಯಾಗಿ ಮಲಗುವುದು ಅವರ ರೂಢಿ.

ಇನ್ನೊಂದು ರೂಢಿಯೂ ಇತ್ತು. ಭಾನುವಾರದ ಆರಾಧನೆಯಲ್ಲಿ ಒಬ್ಬರು ಎದ್ದು ಆಳುವವರಿಗಾಗಿ ಪ್ರಾರ್ಥಿಸಬೇಕು. ಆ ವಾರ ಯಾರೂ ಏಳಲಿಲ್ಲ. ಕೊನೆಗೆ ಚಿಗವ್ವ ಎದ್ದಳು. ಮೆಂಬರನ ಹೆಸರು ಹಿಡಿದೇ ಪ್ರಾರ್ಥಿಸಿದಳೆಂದು ನನ್ನ ನೆನಪು. ಧಾರವಾಡದಲ್ಲಿ ಓದು ಮುಗಿಸಿ, ದೇವರನ್ನೂ ಅಲ್ಲೇ ಮುಗಿಸಿ ಬಂದಿದ್ದ ನಾನು ಹೊರಗೆ ಅವಳನ್ನು ತಡೆದೆ.

“ಹಾದಿ ಮುಚ್ಚಿದವಗ ಆಶೀರ್ವಾದ ಬೇಡ್ತೀಯೇನ ಚಿಗವ್ವಾ?”

“ನಾವು ಓಟ ಹಾಕಲಿಲ್ಲಂದ್ರ ಅವ ನಮ್ಮ ಮೆಂಬರ ಅಲ್ಲೇನೋ?”

“ಹಂಗಾರ ಬೇಲಿ?”

“ಅದನ್ನ ತಗಸೂದು ನನ್ನ ಕೆಲಸ. ನಾಳೆ ಮೂಡಲಗಿ ಕಚೇರಿಗೆ ಹೊಂಟೇನಿ. ನೀ ಅರ್ಜಿ ಬರಿ. ನಿನ್ನ ಓದು ಅಷ್ಟಕ್ಕಾದ್ರೂ ಬರಲಿ.”

ಬರೆದೆ, ದೊಡ್ಡ ದೊಡ್ಡ ಶಬ್ದ ಹಾಕಿ. ಕಚೇರಿಯ ಸಾಹೇಬರು ಅದನ್ನು ಅರ್ಧ ಓದಿ, “ಒಮ್ಮೆ ಅವರ ಮನಿಗೆ ಹೋಗಿ ಕೈ ಮುಗದು ತಪ್ಪಾತು ಅಂದ್ರ ಮುಗೀತಲ್ರಿ ಅವ್ವಾರ,” ಎಂದರು.

“ಕೈ ಬೇಕಾದ್ರ ಮುಗಿತೇನ್ರಿ. ಓಟ ಹಾಕಿದ್ದು ತಪ್ಪಾತು ಅಂತ ಮಾತ್ರ ಅನ್ನಂಗಿಲ್ಲ.”

ಭಾನುವಾರ ಪ್ರಾರ್ಥನೆ, ಸೋಮವಾರ ಕಚೇರಿ. ಎಷ್ಟು ವರ್ಷ ಹೀಗೆ ನಡೆಯಿತೋ. ಜೊತೆಗಿದ್ದವರು ಒಬ್ಬೊಬ್ಬರೇ ಹಿಂದೆ ಉಳಿದರು. ನಾನು ಹುಕ್ಕೇರಿಯ ಕಾಲೇಜು ಸೇರಿ, ನ್ಯಾಯವೆಂದರೇನು ಎಂದು ಹುಡುಗರಿಗೆ ಪಾಠ ಹೇಳತೊಡಗಿದೆ. ಮುಂದಿನ ಚುನಾವಣೆಯಲ್ಲೂ ಆ ಮೆಂಬರನೇ ಗೆದ್ದ. ಆಗೊಮ್ಮೆ ಚಿಗವ್ವನಿಗೆ, “ಇನ್ನ ಸಾಕು ಮಾಡ” ಎಂದೆ.

“ದಣದೇನಪಾ, ಖರೆ. ದೇವರೂ ಕೇಳವಲ್ಲ, ಕಚೇರ್ಯಾಗೂ ಕೇಳವಲ್ಲರು. ಎರಡೂ ಬಿಟ್ಟು ಮನ್ಯಾಗ ಕುಂತು ಏನ ಮಾಡ್ಲಿ?”

ಹೀಗೆ ಅವಳು ಅಂದದ್ದು ನಿಜವೇ, ಅವಳ ಮೌನಕ್ಕೆ ನಾನು ಹೊಂದಿಸಿದ ಮಾತೇ? ನೀವೂ ಪೂರ್ತಿ ನಂಬಬೇಡಿ.

ಅವಳು ತೀರಿಕೊಂಡಾಗ ನಾನು ದೂರದಲ್ಲಿದ್ದೆ, ಮಣ್ಣಿನ ಹೊತ್ತಿಗೆ ಬಂದು ಮುಟ್ಟಲಿಲ್ಲ. ಘಟಪ್ರಭಾಕ್ಕೆ ಒಯ್ದು ಹೂಳಿದರೆಂದು ಒಬ್ಬರು ಹೇಳಿದರು. ಕೊನೆಗೆ ಮೆಂಬರನೇ ಮನಸ್ಸು ಕರಗಿ ಹಾದಿ ಬಿಟ್ಟ, ಕಾಕಾನ ಪಕ್ಕವೇ ಹೂಳಿದರೆಂದು ಇನ್ನೊಬ್ಬರು. ದೇವರನ್ನು ನಂಬದ ನಾನು ಈ ಎರಡನೆಯದನ್ನು ಇಷ್ಟು ದಿನ ನಂಬಿಕೊಂಡು ಬಂದೆ.

ಇವತ್ತು ಮನೆಗೆ ಹೋಗದೆ ಆ ಹಳ್ಳಿಯ ಬಸ್ಸು ಹತ್ತಿದೆ. ಹಾದಿಯಿದ್ದ ಕಡೆ ಕಬ್ಬು ಆಳೆತ್ತರ ನಿಂತಿತ್ತು. ರವದಿಯ ಒಣಗರಿ ಕೈ ಕೊಯ್ಯುತ್ತಿದ್ದರೂ ನುಗ್ಗಿಕೊಂಡು ಆಚೆ ದಾಟಿದೆ. ಕಾಕಾನ ಸಮಾಧಿಯ ಪಕ್ಕದ ಜಾಗ ಖಾಲಿ ಇದೆ.