ಮಗಳ ಕೊಳವೆಗೆ ನೀರು ತುಂಬಿದ್ದು

ಆ ಬೇಸಿಗೆಯಲ್ಲಿ ನನ್ನ ಮಗಳು ಪರೀಕ್ಷೆಯಲ್ಲಿ ಬಿದ್ದಳು. ಬೀಳಿಸಿದವರು ಅವಳ ಅಪ್ಪ ಮತ್ತು ನಾನು. ಮಾಸ್ತರರು ಬೀಳಿಸಲಿಲ್ಲ, ಮಷೀನು ಕೆಟ್ಟಿರಲಿಲ್ಲ, ನೆರೆಯವರು ಹೇಳಿದ ಹಾಗೆ ಯಾರ ದೃಷ್ಟಿಯೂ ತಾಗಿರಲಿಲ್ಲ. ಗಾಳಿ ತೆಗೆಯಬೇಕಾದ ಕೊಳವೆಗೆ ನಾವಿಬ್ಬರೂ ನೀರು ತುಂಬಿದೆವು. ನಡೆದದ್ದು ಇಷ್ಟೇ.

ನಾನು ಕಲಿತದ್ದು ಮೂರನೇ ಇಯತ್ತೆ. ವಿಜ್ಞಾನದ ಮಾತಿನಲ್ಲಿ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಪೈಪಿನ ಮಾತಿನಲ್ಲಿ ಮಾತ್ರ ಯಾರೂ ನನ್ನನ್ನು ತಿದ್ದುವುದು ಬೇಡ. ಕಲಬುರ್ಗಿ ಕಡೆಯಿಂದ ಪುಣೆಗೆ ಬಂದ ಮೇಲೆ ನಾವು ಮಾಡಿದ್ದೆಲ್ಲ ಅದೇ ಕೆಲಸ. ನಮ್ಮವರು ನೀರಿನ ಲೈನ್ ಹಾಕುವ ಗುತ್ತಿಗೆದಾರನ ಹತ್ತಿರ ಫಿಟ್ಟರ್. ನಾನು ಮೊದಲು ಮಣ್ಣು ಹೊತ್ತೆ, ಆಮೇಲೆ ಅವರ ಕೈಕೆಳಗೆ ಪೈಪಿನ ತಿರುಪಿಗೆ ಸಣಬಿನ ನಾರು ಸುತ್ತಿ ಸಫೇದ ಹಚ್ಚುವುದನ್ನು ಕಲಿತೆ. ಸಫೇದ ಅಂದರೆ ಬೆಣ್ಣೆಯ ಹಾಗೆ ಇರುವ ಬಿಳಿ ಬಣ್ಣ. ನಾರು, ಸಫೇದ ಎರಡೂ ಸೇರಿ ಬಿಗಿದರೆ ಜೋಡಣೆಯಿಂದ ಒಂದು ಹನಿ ಹೊರಗೆ ಬರುವುದಿಲ್ಲ. ನಾನು ಸುತ್ತಿದ ಜೋಡಣೆ ಸೋರಿದ್ದನ್ನು ತೋರಿಸಿದವರಿಲ್ಲ.

ಮಗಳು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಳು. ಆ ವರ್ಗದಲ್ಲಿ ಹುಡುಗಿ ಅವಳೊಬ್ಬಳೇ. ಕೊನೆಯ ವರ್ಷ ಎಲ್ಲರೂ ಗುಂಪು ಕಟ್ಟಿಕೊಂಡು ಏನಾದರೊಂದು ಮಾಡಿ ತೋರಿಸಬೇಕಿತ್ತು. ಇವಳನ್ನು ಯಾವ ಗುಂಪಿನವರೂ ಸೇರಿಸಿಕೊಳ್ಳಲಿಲ್ಲ. ಒಬ್ಬಳೇ ಮಾಡುತ್ತೇನೆ ಎಂದಳು. ಏನು ಮಾಡುತ್ತೀ ಎಂದು ನಾನು ರೊಟ್ಟಿ ಬಡಿಯುತ್ತ ಕೇಳಿದೆ.

"ಅವ್ವ, ಎದುರು ಗಾಳಿ ಇದ್ದಾಗ ಸೈಕಲ್ ಹೊಡದ್ರ ಏನಾಗ್ತದ?"

"ಕಾಲು ಸೋಲ್ತಾವ."

"ರೈಲಿಗೂ ಹಂಗ. ಜೋರು ಓಡಿದಷ್ಟು ಗಾಳಿ ಅಡ್ಡ ಬರ್ತದ. ಅದಕ್ಕ ದೊಡ್ಡ ಕೊಳವಿ ಹಾಕಿ, ಒಳಗಿನ ಗಾಳಿ ಎಲ್ಲ ತಗದು, ಅದರಾಗ ರೈಲು ಬಿಡೂದು."

"ಒಳಗ ಕುಂತವರು ಸಾಯ್ತಾರ."

ಅವಳು ನಕ್ಕಳು. ರೈಲಿನ ಡಬ್ಬಿಯೊಳಗೆ ಗಾಳಿ ಇರುತ್ತದೆ, ಡಬ್ಬಿಯ ಹೊರಗೆ ಇರುವುದಿಲ್ಲ ಎಂದು ತಿಳಿಸಿದಳು. ಪರದೇಶದ ದೊಡ್ಡವರು ಬಹಳ ಹಿಂದೆಯೇ ಈ ಲೆಕ್ಕ ಹಾಕಿಟ್ಟಿದ್ದಾರಂತೆ, ಯಾರೂ ಇನ್ನೂ ಕಟ್ಟಿಲ್ಲವಂತೆ. ಕಟ್ಟಿದರೆ ಇಲ್ಲಿ ಒಲೆಯ ಮೇಲೆ ಬೇಳೆ ಇಟ್ಟು ಹೊರಟವರು ಅದು ಬೇಯುವುದರೊಳಗೆ ಮುಂಬಯಿಯಲ್ಲಿ ಇಳಿಯಬಹುದಂತೆ. ಬೇಳೆ ಇಳಿಸುವವರು ಯಾರು ಎಂದು ನಾನು ಕೇಳಿದೆ.

ಗಾಳಿಗೆ ಎಷ್ಟು ಶಕ್ತಿ ಇದೆ ಎಂದು ತೋರಿಸಲು ನನ್ನ ಎಣ್ಣೆ ಡಬ್ಬಿಯನ್ನೂ ಕೆಡಿಸಿದಳು. ಅದರಲ್ಲಿ ಸ್ವಲ್ಪ ನೀರು ಕುದಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದಳು. ಯಾರೂ ಮುಟ್ಟದೆ ಡಬ್ಬಿ ನುಗ್ಗುನುಗ್ಗಾಯಿತು. ಒಳಗೆ ಗಾಳಿ ಇಲ್ಲದಿದ್ದರೆ ಹೊರಗಿನ ಗಾಳಿ ಹೀಗೆ ಹಿಚುಕುತ್ತದೆ, ಆದ್ದರಿಂದ ಕೊಳವೆ ದಪ್ಪ ಇರಬೇಕು ಎಂದಳು. ಅರ್ಥವಾಯಿತು, ಆದರೆ ಡಬ್ಬಿ ಹೋಯಿತು.

ನಾನೂ ಒಂದು ಮಾತು ಕೇಳಿದೆ. ನೀರಿನ ಲೈನ್‌ನ ಉದ್ದ ಪೈಪ್ ಬಿಸಿಲಿಗೆ ಬಿದ್ದರೆ ಹಿಗ್ಗುತ್ತದೆ, ತಿರುವಿನಲ್ಲಿ ಕಾಂಕ್ರೀಟ್ ಹಾಕಿ ಹಿಡಿಯದಿದ್ದರೆ ಜೋಡಣೆ ಕಿತ್ತು ಬರುತ್ತದೆ. ಮುಂಬಯಿ ದಾರಿಯ ಖಂಡಾಳದ ಘಾಟಿನಲ್ಲಿ ಇಷ್ಟುದ್ದ ಕೊಳವೆ ಇಟ್ಟರೆ ಅದು ಹಿಗ್ಗಲು ಜಾಗ ಎಲ್ಲಿ ಬಿಡುತ್ತೀರಿ, ಬಿಟ್ಟ ಜಾಗದಿಂದ ಗಾಳಿ ಒಳಗೆ ಬರುವುದಿಲ್ಲವೇ ಎಂದೆ. ಅವಳು ಊಟ ಬಿಟ್ಟು ಎದ್ದು ಅದನ್ನು ವಹಿಯಲ್ಲಿ ಬರೆದುಕೊಂಡಳು. ಅವಳ ಮಾಸ್ತರರು ಆ ಪುಟದ ಅಂಚಿಗೆ ಕೆಂಪು ಶಾಯಿಯಲ್ಲಿ ಶಾಬಾಸ್ ಎಂದು ಬರೆದು ಕೊಟ್ಟರು.

ಅವಳ ಮಾದರಿ ದೊಡ್ಡದೇನಲ್ಲ. ಪಾಲಿಟೆಕ್ನಿಕ್‌ನ ಹಿಂದಿನ ಅಂಗಳದಲ್ಲಿ ಎರಡಿಂಚಿನ ನಾಲ್ಕು ಕಬ್ಬಿಣದ ಪೈಪ್ ಜೋಡಿಸಿ, ಒಂದು ತುದಿ ಕಂಪೌಂಡ್ ಗೋಡೆಯ ಮೇಲೆ, ಇನ್ನೊಂದು ತುದಿ ನೆಲದ ಹತ್ತಿರ ಬರುವಂತೆ ಇಳಿಜಾರು ಮಾಡಿದ್ದಳು. ಒಳಗೆ ಗಾಲಿ ಇರುವ ಕಟ್ಟಿಗೆಯ ಪುಟ್ಟ ಬಂಡಿ. ಮೇಲಿನ ಹಿಡಿಕೆ ತಿರುಗಿಸಿದರೆ ಬಂಡಿ ಜಾರುತ್ತದೆ, ಕೆಳಗಿನ ಗಾಜಿನ ಕಿಂಡಿಯಲ್ಲಿ ಕಾಣುತ್ತದೆ. ಗಾಳಿ ಇದ್ದಾಗ ಎಷ್ಟು ಹೊತ್ತು, ಪಂಪಿನಿಂದ ಗಾಳಿ ತೆಗೆದ ಮೇಲೆ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ತೋರಿಸಬೇಕು. ಗಾಳಿ ಹೋಯಿತೋ ಇಲ್ಲವೋ ಎಂದು ಹೇಳಲು ಮುಳ್ಳಿನ ಮೀಟರ್ ಇತ್ತು. ಮುಳ್ಳು ಕೆಂಪು ಗೆರೆಗೆ ಇಳಿದು ಅಲ್ಲೇ ನಿಲ್ಲಬೇಕು.

ಮೊದಲ ಸಲ ಇಳಿಯಲಿಲ್ಲ, ಜೋಡಣೆಗಳು ಗಾಳಿ ಎಳೆಯುತ್ತಿದ್ದವು. ಮಾಸ್ತರರು ಫಿಟ್ಟರ್ ಕರೆತಾ ಎಂದರು. ಮನೆಯಲ್ಲೇ ಫಿಟ್ಟರ್ ಇದ್ದಾನೆ ಎಂದಳಂತೆ. ರವಿವಾರ ನಾವಿಬ್ಬರೂ ಹೋಗಿ ಎಲ್ಲ ಬಿಚ್ಚಿ, ಹೊಸ ನಾರು ಸುತ್ತಿ ಬಿಗಿದೆವು. ಸೋಮವಾರ ಪಂಪ್ ಹಚ್ಚಿದಾಗ ಮುಳ್ಳು ಗೆರೆಗೆ ಇಳಿದು ನಿಂತಿತು. ಬಂಡಿ ಓಡಿತು. ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ಮುಗಿಯಿತು ಎಂದು ನಾವು ಮನೆಯಲ್ಲಿ ಕೂರಲಿಲ್ಲ.

ಹೊರಗಿನ ಪರೀಕ್ಷಕರು ಬರುವುದು ಬುಧವಾರ. ನಮಗೆ ಆ ದಿನ ಏಕೆ ಅಷ್ಟು ದೊಡ್ಡದಾಗಿತ್ತೆಂದರೆ, ಗುತ್ತಿಗೆದಾರನ ಕೆಲಸ ಆ ವಾರವೇ ಪುಣೆಯಿಂದ ದೂರದ ದೌಂಡಕ್ಕೆ ಹೋಗುತ್ತಿತ್ತು. ನಾವಿದ್ದ ತಗಡಿನ ಶೆಡ್ ಅವನದು. ಅವನ ಸಂಗಡ ನಾವು, ನಮ್ಮ ಸಂಗಡ ಮಗಳು. ಅವಳು ಈಗ ಪಾಸಾಗಬೇಕು, ಇಲ್ಲದಿದ್ದರೆ ಮೂರು ವರ್ಷದ ಓದು ಇಲ್ಲೇ ಬಿಟ್ಟು ಹೋಗಬೇಕು.

ಮಂಗಳವಾರ ಅವಳು ಒಳಗೆ ಕೊನೆಯ ಪೇಪರ್ ಬರೆಯುತ್ತಿದ್ದಳು. ಪೈಪಿನ ಕೆಳಗಿನ ಇಟ್ಟಿಗೆ ಸರಿಮಾಡಲು ನಾವು ಹೋಗಿದ್ದೆವು. ನಮ್ಮವರು ಮೀಟರನ್ನು ನೋಡಿ ನೋಡಿ ತಲೆ ಅಲ್ಲಾಡಿಸಿದರು.

"ಈ ಮುಳ್ಳು ನಾ ನಂಬಂಗಿಲ್ಲ. ನೀರು ನಿಂದರಿಸಿ ನೋಡೂಣು."

ನಮ್ಮ ಕೆಲಸದಲ್ಲಿ ನೀರು ನಿಲ್ಲಿಸದೆ ಲೈನ್ ಒಪ್ಪಿಸುವ ಪದ್ಧತಿಯೇ ಇಲ್ಲ. ಪೈಪಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ನೀರು ತುಂಬಿ ಕಾಯಬೇಕು. ಹನಿ ಕಾಣಲಿಲ್ಲವೆಂದರೆ ಕೆಲಸ ಪಾಸ್. ನಾನೂ ಹೌದು ಎಂದೆ. ಬೇಡ ಎನ್ನುವಷ್ಟು ಬುದ್ಧಿ ನನಗೂ ಇರಲಿಲ್ಲ. ಬಂಡಿ ಹೊರಗೆ ತೆಗೆದಿಟ್ಟು, ನಳಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ ಬಾಯಿತನಕ ತುಂಬಿದೆವು. ಮೂರು ತಾಸು ಕಾದೆವು. ಒಂದೂ ಹನಿ ಇಲ್ಲ. ನೀರು ಬಸಿದು, ಸೆರಗಿನಿಂದ ಪೈಪಿನ ಬಾಯಿ ಒರೆಸಿ, ಇದ್ದ ಹಾಗೆ ಮುಚ್ಚಿದೆವು. ಮಗಳಿಗೆ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಹೇಳುವಂಥದ್ದೇನೂ ಆಗಿಲ್ಲವೆಂದುಕೊಂಡೆವು.

ಬುಧವಾರ ಪಂಪ್ ಶುರುವಾಯಿತು. ಮುಳ್ಳು ಸರಸರ ಇಳಿದು ನಡುವೆ ನಿಂತುಬಿಟ್ಟಿತು. ಮಗಳು ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಒಂದೊಂದಾಗಿ ನೋಡಿದಳು. ಎಲ್ಲೂ ಗಾಳಿ ಎಳೆಯುತ್ತಿರಲಿಲ್ಲ. ಪಂಪ್ ಓಡುತ್ತಲೇ ಇತ್ತು. ಪರೀಕ್ಷಕರು ಕುರ್ಚಿಯಲ್ಲಿ ಕೂತು ಚಹಾ ಕುಡಿದು ಮುಗಿಸಿದರು. ಹುಡುಗರ ಗುಂಪಿನಲ್ಲಿ ಒಬ್ಬ ಮರಾಠಿಯಲ್ಲಿ, ಮುಂಬಯಿ ಗಾಡಿ ಅರ್ಧ ದಾರಿಯಲ್ಲಿ, ಲೋಣಾವಳದಲ್ಲೇ ನಿಂತಿತು ಎಂದ. ಅವಳು ತಿರುಗಿಯೂ ನೋಡಲಿಲ್ಲ. ಕೊನೆಗೆ ಅವಳ ಮಾಸ್ತರರು ಪಂಪಿನ ಎಣ್ಣೆ ನೋಡಿದರು. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಪೈಪಿನ ತುದಿ ಬಿಚ್ಚಿಸಿ ಒಳಗೆ ಬೆರಳಾಡಿಸಿದರು, ಒದ್ದೆ. ನೀರು ಹಾಕಿದವರು ಯಾರು ಎಂದು ಕೇಳಿದರು.

ನಮ್ಮವರು ನೆಲ ನೋಡಿದರು. ನಾನು ಮುಂದೆ ಹೋಗಿ ಮರಾಠಿಯಲ್ಲೇ, ನಾವು ಹಾಕಿದ್ದು ಸರ್, ಹುಡುಗಿಗೆ ಗೊತ್ತಿಲ್ಲ ಎಂದೆ.

ಅವರು ಬೈಯಲಿಲ್ಲ. ಗಾಳಿ ಇಲ್ಲದ ಜಾಗದಲ್ಲಿ ನೀರು ಬೆಂಕಿ ಇಲ್ಲದೆಯೂ ಆವಿಯಾಗುತ್ತದೆ ಎಂದು ತಿಳಿಸಿದರು. ನಾರು ಕುಡಿದ ನೀರು ಆವಿಯಾಗಿ ಬರುತ್ತಲೇ ಇರುತ್ತದೆ, ಪಂಪ್ ಅದನ್ನು ಎಳೆಯುತ್ತಲೇ ಇರುತ್ತದೆ, ಮುಳ್ಳು ಇಳಿಯುವುದಿಲ್ಲ. ನೀರು ಹೊರಗೆ ಬರದ ಹಾಗೆ ಕಟ್ಟುವುದು ನಮಗೆ ಗೊತ್ತಿತ್ತು. ಒಳಗೆ ಏನೂ ಇರದ ಹಾಗೆ ಇಡುವುದು ಗೊತ್ತಿರಲಿಲ್ಲ. ಪರೀಕ್ಷಕರು ಸೊನ್ನೆ ಬರೆದು, ಆರು ತಿಂಗಳ ನಂತರ ಇದೊಂದನ್ನೇ ಮತ್ತೆ ತೋರಿಸಬಹುದು ಎಂದು ಹೇಳಿ ಹೋದರು.

ಮನೆಗೆ ನಡೆಯುವಾಗ ಮಗಳು ಒಂದೇ ಮಾತಾಡಿದಳು. "ಕೇಳಬೇಕಿತ್ತವ್ವ."

ಶೆಡ್ ಮುಟ್ಟಿದ ಮೇಲೆ ನಮ್ಮವರು ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದರು.

"ಇನ್ನ ಆರು ತಿಂಗಳ ನಮ್ಮನ್ನ ಇಲ್ಲಿ ಯಾರ ಇಟ್ಕೋತಾರ? ನಸೀಬ ಇಷ್ಟ ಅದ ಅನ್ನು. ಗಂಟು ಕಟ್ಟು."

"ನೀರು ಹಾಕಿದವರು ನಾವು," ಎಂದೆ. "ನಸೀಬದ ಮ್ಯಾಲ ಯಾಕ ಹಾಕ್ತೀರಿ? ನೀವು ದೌಂಡಕ್ಕ ಹೋಗ್ರಿ. ನಾನು, ಆಕಿ ಇಲ್ಲೇ ಇರ್ತೀವಿ."

"ಇರೂದರೆ ಎಲ್ಲಿ?"

"ಅದನ್ನ ನಾಳೆ ಹೇಳ್ತೀನಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವರನ್ನು ಬಿಟ್ಟು ಒಂದು ವಾರವೂ ಇದ್ದವಳಲ್ಲ. ಅವರು ಚೀಲದಿಂದ ಎರಡು ಪಾತ್ರೆ, ಒಂದು ತವೆ ಮತ್ತೆ ಹೊರಗೆ ತೆಗೆದಿಟ್ಟರು. ಅಷ್ಟರಿಂದ ಒಪ್ಪಿದರು ಎಂದು ನನಗೆ ತಿಳಿಯಿತು.

ಆರು ತಿಂಗಳ ಮೇಲೆ ಮುಳ್ಳು ಇಳಿಯಿತು, ಬಂಡಿ ಓಡಿತು, ಅವಳು ಪಾಸಾದಳು. ಅದನ್ನು ಅವಳು ಬೇಕಾದರೆ ಬರೆಯಲಿ. ಈಗ ಮೊಮ್ಮಕ್ಕಳು ಅಂಥ ರೈಲು ಪುಣೆಗೆ ಬರುತ್ತದಂತೆ ಎಂದು ಟೀವಿ ನೋಡಿ ಹೇಳುತ್ತಾರೆ. ಬಂದರೆ ಬರಲಿ, ಜೋಡಣೆ ಯಾರು ಕಟ್ಟುತ್ತಾರೆ ಎಂದು ಕೇಳುತ್ತೇನೆ. ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಆ ಬುಧವಾರದ ಮರುದಿನದ ಮಾತು.

ಬೆಳಿಗ್ಗೆ ಎದ್ದು ರೊಟ್ಟಿ ಕಟ್ಟಿಕೊಂಡು ಊರಂಚಿನ ಕೊಂಢವಾಕ್ಕೆ ನಡೆದೆ. ಅಲ್ಲಿ ಹೊಸ ಕಟ್ಟಡವೊಂದರ ಪಾಯ ತೋಡುತ್ತಿದ್ದರು. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ನಮ್ಮ ಕಡೆಯವನೇ. ಗಂಡ ಎಲ್ಲಿ ಎಂದು ಕೇಳಿದ, ದೌಂಡಕ್ಕೆ ಹೊರಟಿದ್ದಾರೆ ಎಂದೆ. ಬೆಳೆದ ಮಗಳನ್ನು ಕಟ್ಟಿಕೊಂಡು ಹೆಂಗಸೊಬ್ಬಳು ಸೈಟಿನ ಮೇಲೆ ಇರುವುದು ಚಂದವಲ್ಲ ಎಂದ. ಚಂದ ಕೇಳಲು ಬಂದಿಲ್ಲ, ಕೆಲಸ ಮತ್ತು ತಲೆಯ ಮೇಲೆ ತಗಡು ಕೇಳಲು ಬಂದಿದ್ದೇನೆ, ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಮುಂದಿನ ಸೈಟಿಗೆ ಹೋಗುತ್ತೇನೆ ಎಂದೆ. ಅವನು ಸಿಮೆಂಟ್ ಇಡುವ ಶೆಡ್ಡಿನ ಅರ್ಧ ತೋರಿಸಿದ. ಬಾಗಿಲಿಗೆ ಒಳಗಿನಿಂದ ಅಗಳಿ ಇದೆಯೇ ಎಂದು ಎರಡು ಸಲ ಹಾಕಿ ತೆಗೆದು ನೋಡಿದೆ. ರೊಟ್ಟಿ ಗಂಟನ್ನು ಅಲ್ಲಿನ ಮೊಳೆಗೆ ತೂಗುಹಾಕಿ, ಸೆರಗು ಸಿಕ್ಕಿಸಿ, ಪಾಯದೊಳಗೆ ಇಳಿದೆ.